ಬೆಳೆಸಿದ ಅಣಬೆ, ತಾನಾಗಿ ಎದ್ದ ಅಣಬೆ

ಮಳೆ ಹಿಡಿದು ನಾಲ್ಕು ದಿನ ಕಳೆದರೆ ಸಾಕು, ಹಿತ್ತಿಲ ಮೂಲೆಯಲ್ಲಿ, ಸೌದೆಯ ರಾಶಿಯ ಪಕ್ಕದಲ್ಲಿ, ಆಟದ ಬಯಲಿನ ಹುಲ್ಲಿನ ನಡುವೆ ಬಿಳಿಯ ಕೊಡೆಗಳು ರಾತ್ರೋರಾತ್ರಿ ತಲೆಯೆತ್ತುತ್ತವೆ. ಕನ್ನಡದಲ್ಲಿ ಇವಕ್ಕೆ ಅಣಬೆ ಎಂಬ ಹೆಸರೂ ಉಂಟು, ನಾಯಿಕೊಡೆ ಎಂಬ ಹೆಸರೂ ಉಂಟು. ಒಂದು ಹೆಸರಿನಲ್ಲಿ ಊಟದ ನೆನಪಿದೆ. ಇನ್ನೊಂದರಲ್ಲಿ ತಾತ್ಸಾರವೂ ಸ್ವಲ್ಪ ಅಂಜಿಕೆಯೂ ಇದೆ. ಕೊಡಗಿನವರು ಕುಮ್ಮು ಎಂದೂ ತುಳುನಾಡಿನವರು ಲಾಂಬು ಎಂದೂ ಕರೆದು ಮಳೆಗಾಲದಲ್ಲಿ ಇದರ ದಾರಿ ಕಾಯುತ್ತಾರೆ. ಬಯಲುಸೀಮೆಯ ಎಷ್ಟೋ ಮನೆಗಳಲ್ಲಾದರೋ ಅಣಬೆ ಒಲೆಯ ಹತ್ತಿರ ಸುಳಿದದ್ದೇ ಇಲ್ಲ.

ಈಗ ಕಾಲ ಬದಲಾಗಿದೆ. ಕಾಡು ಕಾಣದ ಪಟ್ಟಣದ ಮನೆಗೂ ಅಣಬೆ ಬರುತ್ತಿದೆ. ತರಕಾರಿ ಅಂಗಡಿಯಲ್ಲಿ ಬದನೆ, ಬೆಂಡೆಗಳ ಪಕ್ಕದಲ್ಲಿ ಅದರ ಪೊಟ್ಟಣ ಕುಳಿತಿರುತ್ತದೆ. ಮನೆಯಲ್ಲಿ ಮಕ್ಕಳು ಬೇಕೆನ್ನುತ್ತಾರೆ, ಹಿರಿಯರು “ವಿಷವಲ್ಲವಷ್ಟೆ?” ಎಂದು ಕೇಳುತ್ತಾರೆ. ಹಿರಿಯರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು. ಅದಕ್ಕೆ ಸರಿಯಾದ ಉತ್ತರವಿದೆ. ಆ ಉತ್ತರವನ್ನು ಅಡಿಗೆ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು.

ಅಣಬೆ ಗಿಡವಲ್ಲ. ಅದಕ್ಕೆ ಹಸಿರು ಎಲೆಯಿಲ್ಲ. ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಲಾರದು. ಕೊಳೆಯುವ ಹುಲ್ಲು, ಮರ, ಗೊಬ್ಬರ ಇವುಗಳಲ್ಲಿ ನೂಲಿನಂಥ ಬಿಳಿಯ ಎಳೆಗಳಾಗಿ ಹರಡಿ ಅದು ಬದುಕುತ್ತದೆ. ಕೆಲವು ಜಾತಿಗಳು ಬದುಕಿರುವ ಮರದ ಬೇರಿನೊಡನೆ ಸ್ನೇಹ ಬೆಳೆಸುತ್ತವೆ. ನಾವು ಕಾಣುವ ಕೊಡೆ ಅದರ ಹಣ್ಣು ಎಂದುಕೊಳ್ಳಿ. ಗುರುತು ಹಿಡಿಯಲು ಈ ಹಣ್ಣಿನ ಐದು ಭಾಗಗಳನ್ನು ನೋಡಲು ಕಲಿತರೆ ಸಾಕು. ಮೇಲೆ ಕೊಡೆ. ಕೊಡೆಯ ಕೆಳಗೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ನಿಂತ ತೆಳ್ಳನೆಯ ಪದರಗಳು. ಅದನ್ನು ಹೊತ್ತ ಕಾಂಡ. ಕೆಲವು ಜಾತಿಗಳಲ್ಲಿ ಕಾಂಡದ ಸುತ್ತ ಹರಿದ ಪೊರೆಯ ಒಂದು ಉಂಗುರ. ಇನ್ನು ಕೆಲವದರಲ್ಲಿ ಕಾಂಡದ ಬುಡವನ್ನು ಸುತ್ತಿಕೊಂಡ ಒಂದು ಚೀಲ ಅಥವಾ ಬಟ್ಟಲು. ಈ ಐದರ ಜೊತೆಗೆ ಆರನೆಯದೊಂದು ಗುರುತಿದೆ. ಅದು ಪದರಗಳಿಂದ ಉದುರುವ ಸೂಕ್ಷ್ಮ ಬೀಜಕಗಳ ಬಣ್ಣ. ಅದರ ಮಾತು ಮುಂದೆ ಬರುತ್ತದೆ.

ನಮ್ಮ ಕಡೆ ಬೆಳೆಸಿ ಮಾರುವ ಅಣಬೆಗಳಲ್ಲಿ ಮುಖ್ಯವಾದವು ನಾಲ್ಕು. ಒಂದೊಂದನ್ನೇ ನೋಡೋಣ.

ಮೊದಲನೆಯದು ಗುಂಡಿ ಅಣಬೆ. ಅಂಗಡಿಯಲ್ಲಿ ಬಟನ್ ಎಂದೇ ಕೇಳುತ್ತಾರೆ. ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ಸುತ್ತಮುತ್ತ 17ನೆಯ ಶತಮಾನದಿಂದಲೂ ಇದನ್ನು ಕುದುರೆಯ ಲದ್ದಿಯ ಗೊಬ್ಬರದಲ್ಲಿ ಬೆಳೆಯುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ 1961ರಲ್ಲಿ ಇದರ ಕೃಷಿಗೆ ಕೈಹಾಕಿದರು. 1983ರಲ್ಲಿ ಅಣಬೆಗೆಂದೇ ಒಂದು ರಾಷ್ಟ್ರೀಯ ಸಂಶೋಧನ ಕೇಂದ್ರವೂ ಅಲ್ಲಿಯೇ ಸ್ಥಾಪನೆಯಾಯಿತು. ಇದಕ್ಕೆ ತಂಪು ಬೇಕು. ಆದುದರಿಂದ ಬಯಲುಸೀಮೆಯಲ್ಲಿ ತಣ್ಣಗೆ ಮಾಡಿದ ಕೋಣೆಗಳಲ್ಲಿ ಬೆಳೆಯುತ್ತಾರೆ. ಕೊಡೆ ದುಂಡಗೆ, ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಎಳೆಯದರಲ್ಲಿ ಪದರಗಳು ಕಾಣುವುದಿಲ್ಲ; ಒಂದು ಪೊರೆ ಅವನ್ನು ಮುಚ್ಚಿರುತ್ತದೆ. ಪೊರೆ ಹರಿದ ಮೇಲೆ ಮೊದಲು ನಸುಗೆಂಪು, ಬಲಿತಂತೆ ಕಂದು, ಕೊನೆಗೆ ಗಾಢವಾದ ಕಂದು ಬಣ್ಣದ ಪದರಗಳು ಕಾಣುತ್ತವೆ. ಕಾಂಡದಲ್ಲಿ ಉಂಗುರವಿರುತ್ತದೆ, ಬುಡದಲ್ಲಿ ಬಟ್ಟಲು ಇರುವುದಿಲ್ಲ. ಪದರ ಕಪ್ಪಾಗಿದೆ, ಇದು ವಿಷ ಎಂದು ಕೆಲವರು ಎಸೆಯುವುದುಂಟು. ಅದು ವಿಷವಲ್ಲ, ವಯಸ್ಸು. ಮುಟ್ಟಿದರೆ ಅಂಟುವುದು, ಕೆಟ್ಟ ವಾಸನೆ ಬರುವುದು, ನೀರು ಬಿಟ್ಟಿರುವುದು ಇವು ಮಾತ್ರ ಕೆಟ್ಟುಹೋದುದರ ಲಕ್ಷಣಗಳು.

ಎರಡನೆಯದು ಚಿಪ್ಪಿನ ಅಣಬೆ. ಇದರ ಕಥೆಯಲ್ಲಿ ನಮ್ಮ ಮೈಸೂರಿಗೆ ಒಂದು ಪಾತ್ರವುಂಟು. ಚೆಲುವಾಂಬ ಭವನದಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಜಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಎಂಬ ವಿಜ್ಞಾನಿಗಳು ಭತ್ತದ ಹುಲ್ಲಿನ ಮೇಲೆ ಈ ಅಣಬೆಯನ್ನು ಬೆಳೆಸಿ 1962ರಲ್ಲಿ ಅದರ ಕ್ರಮವನ್ನು ಪ್ರಕಟಿಸಿದರು. ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ಚೀಲದಲ್ಲಿ ತುಂಬಿ, ನಡುನಡುವೆ ಅಣಬೆಯ ಬೀಜ ಹಾಕಿ ತೂಗುಬಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಚೀಲದ ಮೈಯಿಂದ ಗೊಂಚಲು ಗೊಂಚಲಾಗಿ ಹೊರಡುತ್ತದೆ. ಇದರ ಕೊಡೆ ಕೊಡೆಯಂತಿರದೆ ಚಿಪ್ಪಿನಂತೆ, ಬೀಸಣಿಗೆಯಂತೆ ಒಂದು ಕಡೆಗೆ ಚಾಚಿರುತ್ತದೆ. ಕಾಂಡ ಗಿಡ್ಡ, ನಡುವಿನಲ್ಲಲ್ಲ, ಪಕ್ಕದಲ್ಲಿರುತ್ತದೆ. ಪದರಗಳು ಕಾಂಡದ ಮೇಲೂ ಸ್ವಲ್ಪ ಇಳಿದು ಬಂದಿರುತ್ತವೆ. ಉಂಗುರವಿಲ್ಲ, ಬುಡದ ಬಟ್ಟಲಿಲ್ಲ. ಬಣ್ಣ ಬಿಳಿ, ಬೂದು, ಕೆಲವು ತಳಿಗಳಲ್ಲಿ ಗುಲಾಬಿ.

ಮೂರನೆಯದು ಹಾಲು ಅಣಬೆ. ಇದು ನಮ್ಮ ದೇಶದ್ದೇ. ವಿಜ್ಞಾನಿಗಳು 1974ರಲ್ಲಿ ಪಶ್ಚಿಮ ಬಂಗಾಳದಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. 1990ರ ದಶಕದಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದವರು ಬೆಳೆಸುವ ಕ್ರಮವನ್ನು ರೈತರವರೆಗೆ ತಲುಪಿಸಿದರು. 30ರಿಂದ 35 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿಯೂ ಬೆಳೆಯುವ ಗುಣ ಇದರದ್ದು. ಆದುದರಿಂದ ನಮ್ಮ ಬೇಸಗೆಗೆ ಒಗ್ಗುತ್ತದೆ. ಮೈಯೆಲ್ಲ ಹಾಲಿನ ಬಿಳುಪು. ಕಾಂಡ ಹೆಬ್ಬೆರಳಿಗಿಂತ ದಪ್ಪ, ಒಳಗೆ ಗಟ್ಟಿ. ಪದರಗಳು ಬಲಿತ ಮೇಲೂ ಬಿಳಿ. ಉಂಗುರವೂ ಇಲ್ಲ, ಬುಡದ ಬಟ್ಟಲೂ ಇಲ್ಲ.

ನಾಲ್ಕನೆಯದು ಭತ್ತದ ಹುಲ್ಲಿನ ಅಣಬೆ. ಇದು ಮೊಟ್ಟೆಯಂತೆ ಹುಟ್ಟುತ್ತದೆ. ಬೂದುಗಪ್ಪಿನ ತೊಗಲನ್ನು ಸೀಳಿಕೊಂಡು ಕೊಡೆ ಹೊರಬಂದರೆ ಆ ತೊಗಲು ಬುಡದಲ್ಲಿ ಬಟ್ಟಲಾಗಿ ಉಳಿಯುತ್ತದೆ. ಉಂಗುರ ಇರುವುದಿಲ್ಲ. ಪದರಗಳು ಮೊದಲು ಬಿಳಿ, ಬಲಿತ ಮೇಲೆ ಗುಲಾಬಿ. ರುಚಿಗೆ ಹೆಸರಾದ ಅಣಬೆ ಇದು. ಆದರೆ ಬೇಗ ಕೆಡುತ್ತದೆ. ಈ ನಾಲ್ಕರಲ್ಲಿ ಬುಡದ ಬಟ್ಟಲು ಇರುವುದು ಇದೊಂದಕ್ಕೇ ಎಂಬುದನ್ನು ನೆನಪಿಡಿ.

ಈಗ ಬೀಜಕದ ಬಣ್ಣಕ್ಕೆ ಬರೋಣ. ಇದನ್ನು ನೋಡಲು ಯಂತ್ರ ಬೇಡ. ಬಲಿತ ಅಣಬೆಯ ಕಾಂಡವನ್ನು ಕೊಡೆಯ ಸಮಕ್ಕೆ ಕತ್ತರಿಸಿ, ಪದರಗಳು ಕೆಳಮುಖವಾಗುವಂತೆ ಕೊಡೆಯನ್ನು ಒಂದು ಕಾಗದದ ಮೇಲೆ ಇಡಿ. ಕಾಗದದ ಅರ್ಧ ಬಿಳಿ, ಅರ್ಧ ಕಪ್ಪು ಇದ್ದರೆ ಉತ್ತಮ; ಬಿಳಿಯ ಬೀಜಕ ಕಪ್ಪಿನ ಮೇಲೆ ಕಾಣುತ್ತದೆ, ಬಣ್ಣದ್ದು ಬಿಳಿಯ ಮೇಲೆ ಕಾಣುತ್ತದೆ. ಮೇಲೆ ಒಂದು ಲೋಟವನ್ನು ಬೋರಲು ಹಾಕಿ ರಾತ್ರಿ ಬಿಟ್ಟುಬಿಡಿ. ಬೆಳಗ್ಗೆ ಲೋಟ ತೆಗೆದು ಕೊಡೆ ಎತ್ತಿದರೆ ಕಾಗದದ ಮೇಲೆ ರಂಗೋಲಿಯಂತೆ ಅಚ್ಚು ಬಿದ್ದಿರುತ್ತದೆ. ಗುಂಡಿ ಅಣಬೆಯದು ಗಾಢ ಕಂದು. ಭತ್ತದ ಹುಲ್ಲಿನ ಅಣಬೆಯದು ಗುಲಾಬಿ. ಹಾಲು ಅಣಬೆಯದು ಬಿಳಿ. ಚಿಪ್ಪಿನ ಅಣಬೆಯದು ಬಿಳಿ ಅಥವಾ ತೀರ ನಸುವಾದ ನೇರಿಳೆ. ಮಕ್ಕಳಿರುವ ಮನೆಯಲ್ಲಿ ಇದು ಒಳ್ಳೆಯ ಪಾಠವೂ ಹೌದು.

ಆದರೆ ಇಲ್ಲಿಯೇ ಒಂದು ಎಚ್ಚರ ಬೇಕು. ಈ ಗುರುತುಗಳೆಲ್ಲ “ಇದು ಅದಲ್ಲ” ಎಂದು ಹೇಳಲು ಬಲವಾದ ಸಾಕ್ಷಿ; “ಇದು ಅದೇ” ಎಂದು ಹೇಳಲು ಸಾಲವು. ಗುಂಡಿ ಅಣಬೆಯೆಂದು ತಂದದ್ದರ ಅಚ್ಚು ಬಿಳಿಯಾಗಿ ಬಿದ್ದರೆ ಅದು ಗುಂಡಿ ಅಣಬೆಯಲ್ಲ ಎಂಬುದು ನಿಶ್ಚಯ. ಆದರೆ ಅಚ್ಚು ಬಿಳಿಯಾಗಿ ಬಿದ್ದದ್ದೆಲ್ಲ ಹಾಲು ಅಣಬೆಯಲ್ಲ. ಲೋಕದಲ್ಲಿ ಅತ್ಯಂತ ಹೆಚ್ಚು ಜೀವ ತೆಗೆದಿರುವ ಅಣಬೆಯ ಅಚ್ಚೂ ಬಿಳಿಯೇ.

ಆ ಅಣಬೆಯ ಹೆಸರು ಅಮಾನಿಟ ಫಲಾಯಿಡೀಸ್. ಇಂಗ್ಲಿಷಿನವರು ಡೆತ್ ಕ್ಯಾಪ್ ಎನ್ನುತ್ತಾರೆ, ಹೆಸರೇ ಎಚ್ಚರಿಕೆ. ಯೂರೋಪಿನ ಮೂಲದ್ದಾದ ಇದು ಓಕ್ ಮೊದಲಾದ ಮರಗಳ ಬೇರಿನೊಡನೆ ಬೇರೆ ಖಂಡಗಳಿಗೂ ಹೋಯಿತು. ಇದೂ ಮೊಟ್ಟೆಯಂತೆಯೇ ಹುಟ್ಟುತ್ತದೆ. ಇದರ ಬುಡದಲ್ಲಿಯೂ ಬಟ್ಟಲಿರುತ್ತದೆ. ಹೀಗಾಗಿ ಭತ್ತದ ಹುಲ್ಲಿನ ಅಣಬೆಯನ್ನು ಊರಿನಲ್ಲಿ ತಿಂದು ಬಲ್ಲ ಏಷ್ಯದ ಜನ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇದನ್ನು ಕಂಡು “ನಮ್ಮೂರಿನದೇ” ಎಂದು ಕಿತ್ತು ತಿಂದು ಕಷ್ಟಕ್ಕೆ ಸಿಕ್ಕಿದ್ದಾರೆ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 2011ರ ಡಿಸೆಂಬರ್ 31ರ ರಾತ್ರಿಯ ಊಟದಲ್ಲಿ ಈ ಅಣಬೆ ತಿಂದ ಇಬ್ಬರು 2012ರ ಜನವರಿಯಲ್ಲಿ ತೀರಿಕೊಂಡರು. ಅಡಿಗೆ ಮಾಡಿದವರು ವೃತ್ತಿಯಿಂದಲೇ ಬಾಣಸಿಗರು. ಕೈಗೆ ಪಳಗಿದ ಅಡಿಗೆಯಾಗಲಿ, ಇನ್ನೊಂದು ನಾಡಿನ ಅನುಭವವಾಗಲಿ ಇಲ್ಲಿ ರಕ್ಷಣೆ ಕೊಡಲಿಲ್ಲ. ಬಲಿತ ಮೇಲೆ ಎರಡಕ್ಕೂ ವ್ಯತ್ಯಾಸವುಂಟು: ಡೆತ್ ಕ್ಯಾಪಿನ ಪದರ ಬಿಳಿಯಾಗಿಯೇ ಉಳಿಯುತ್ತದೆ, ಕಾಂಡದಲ್ಲಿ ಉಂಗುರವಿರುತ್ತದೆ. ಆದರೆ ಮೊಟ್ಟೆಯ ಅವಸ್ಥೆಯಲ್ಲಿ ಉಂಗುರವೂ ಕಾಣದು, ಬಣ್ಣವೂ ಕಾಣದು. ತಿನ್ನಲು ಎಲ್ಲಕ್ಕಿಂತ ರುಚಿಯೆನ್ನುವ ಅವಸ್ಥೆಯೂ ಅದೇ ಎಂಬುದನ್ನು ಮರೆಯಬೇಡಿ.

ಇದು ಪರದೇಶದ ಮಾತು ಎಂದು ಸುಮ್ಮನಿರುವಂತಿಲ್ಲ. ಅಮಾನಿಟ ಕುಲದ ಅಣಬೆಗಳು ನಮ್ಮ ಪಶ್ಚಿಮ ಘಟ್ಟಗಳ ಕಾಡಿನಲ್ಲಿಯೂ ಇವೆ. ಅಸ್ಸಾಮಿನಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ಕಾಡಿನ ಅಣಬೆ ತಿಂದು 13 ಜನ ಸತ್ತರು. ಬಹುಮಂದಿ ಚಹಾ ತೋಟಗಳ ಕೂಲಿಕಾರರ ಮನೆಯವರು. ಇನ್ನು ನಮ್ಮ ಪಟ್ಟಣಗಳ ಹುಲ್ಲುಹಾಸಿನಲ್ಲಿ, ಉದ್ಯಾನಗಳಲ್ಲಿ ಮಳೆ ಬಂದೊಡನೆ ತಟ್ಟೆಯಗಲದ ಬಿಳಿಯ ಕೊಡೆಗಳು ಏಳುವುದನ್ನು ನೀವು ಕಂಡಿರಬಹುದು. ಕೊಡೆಯ ಮೇಲೆ ಕಂದು ಚಕ್ಕೆಗಳು, ಕಾಂಡದಲ್ಲಿ ಉಂಗುರ. ಎಳೆಯದಾಗಿದ್ದಾಗ ಪದರ ಬಿಳಿ. ಬಲಿತ ಮೇಲೆ ಮಾಸಲು ಹಸಿರು. ಅಚ್ಚು ತೆಗೆದರೂ ಹಸಿರೇ. ಇದು ಹಸಿರು ಬೀಜಕದ ಅಣಬೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿಸಿ ಮನುಷ್ಯನನ್ನು ನಿತ್ರಾಣ ಮಾಡುತ್ತದೆ. ಎಳೆಯದರಲ್ಲಿ ಹಸಿರು ಕಾಣದಿರುವುದರಿಂದಲೇ ಮೋಸ. ಚಿಪ್ಪಿನ ಅಣಬೆಗೂ ಇಂಥ ಬಹುರೂಪಿಯುಂಟು. ಜಪಾನಿನಲ್ಲಿ ಮರದ ಮೇಲೆ ಬೆಳೆಯುವ, ಕತ್ತಲಲ್ಲಿ ಮಂಕಾಗಿ ಹೊಳೆಯುವ ಒಂದು ವಿಷದ ಅಣಬೆಯನ್ನು ಜನ ಚಿಪ್ಪಿನ ಅಣಬೆಯೆಂದು ತಪ್ಪು ತಿಳಿದು ತಿನ್ನುವುದು ಅಲ್ಲಿ ಇಂದಿಗೂ ನಡೆಯುತ್ತದೆ.

ಹಾಗಾದರೆ ವಿಷದ ಅಣಬೆಯನ್ನು ಕಂಡುಹಿಡಿಯಲು ಹಿಂದಿನವರು ಹೇಳುವ ಪರೀಕ್ಷೆಗಳಿಲ್ಲವೆ ಎಂದು ನೀವು ಕೇಳಬಹುದು. ಇವೆ; ಆದರೆ ಒಂದೂ ನಿಲ್ಲುವುದಿಲ್ಲ. ಬೆಳ್ಳಿಯ ಚಮಚ ಕಪ್ಪಾದರೆ ವಿಷ ಎನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಡೆತ್ ಕ್ಯಾಪಿನ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಜೊತೆಗೆ ಅಕ್ಕಿಯನ್ನೋ ಬೆಳ್ಳುಳ್ಳಿಯನ್ನೋ ಹಾಕಿ ಬೇಯಿಸಿ ಅದರ ಬಣ್ಣ ತಿರುಗುವುದೇ ನೋಡುತ್ತಾರೆ. ಅದಕ್ಕೂ ಈ ವಿಷಕ್ಕೂ ಸಂಬಂಧವಿಲ್ಲ. ಹುಳು, ಬಸವನಹುಳು ತಿಂದಿದ್ದರೆ ನಾವೂ ತಿನ್ನಬಹುದು ಎನ್ನುತ್ತಾರೆ. ಹುಳುವಿನ ಹೊಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ. ಬಣ್ಣವಿದ್ದದ್ದು ವಿಷ, ಬಿಳಿಯದು ಒಳ್ಳೆಯದು ಎನ್ನುತ್ತಾರೆ. ಅತ್ಯಂತ ಘೋರವಾದ ಅಣಬೆಗಳಲ್ಲಿ ಹಲವು ಅಚ್ಚ ಬಿಳಿ. ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ ಎನ್ನುವುದಂತೂ ಎಲ್ಲಕ್ಕಿಂತ ಅಪಾಯದ ಮಾತು. ಡೆತ್ ಕ್ಯಾಪಿನ ವಿಷ ಕುದಿಸಿದರೂ ಹೋಗದು, ಹುರಿದರೂ ಹೋಗದು, ಒಣಗಿಸಿಟ್ಟರೂ ಹೋಗದು. ರುಚಿಯಿಂದಲೂ ಅದು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ತಿಂದು ಬದುಕಿದವರು ರುಚಿಯಾಗಿತ್ತೆಂದೇ ಹೇಳಿದ್ದಾರೆ.

ಆದುದರಿಂದ ಪಟ್ಟಣದ ಮನೆಗೆ ನಾನು ಹೇಳುವ ಗುರುತು ಅಣಬೆಯ ಮೈಮೇಲಿನದಕ್ಕಿಂತ ಮೊದಲು ಅದರ ಹುಟ್ಟಿನದು. ಯಾರು ಬೆಳೆಸಿದರು, ಯಾವ ಬೀಜದಿಂದ ಬೆಳೆಸಿದರು, ಎಲ್ಲಿಂದ ಬಂತು ಎಂಬುದು ತಿಳಿದಿದ್ದರೆ ಮಾತ್ರ ಮುಂದಿನ ಗುರುತುಗಳಿಗೆ ಬೆಲೆ. ಪೊಟ್ಟಣದ ಮೇಲೆ ಬೆಳೆದವರ ಹೆಸರು, ವಿಳಾಸ, ಕಟ್ಟಿದ ದಿನಾಂಕ ಇವೆಯೇ ನೋಡಿ. ಆಮೇಲೆ, ಹೇಳಿದ ಜಾತಿಗೆ ಕಂಡ ರೂಪ ಹೊಂದುತ್ತದೆಯೇ ನೋಡಿ. ದಾರಿಯ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ, ನಾಲ್ಕು ಬಗೆ ಬೆರೆತ ಅಣಬೆಯನ್ನು ಮಾರುವವರ ಮಾತಿನ ಮೇಲೆ ಕೊಳ್ಳಬೇಡಿ. ಮಲೆನಾಡಿನಲ್ಲಿ ತಲೆಮಾರುಗಳಿಂದ ಹುತ್ತದ ಅಣಬೆಯನ್ನು ತಿನ್ನುತ್ತ ಬಂದವರ ತಿಳಿವಳಿಕೆಯನ್ನು ನಾನು ಹಳಿಯುತ್ತಿಲ್ಲ. ಆ ಅಣಬೆ ಗೆದ್ದಲಿನ ಜೊತೆಯಲ್ಲಿ ಮಾತ್ರ ಬಾಳುವುದರಿಂದ ಈವರೆಗೆ ಅದನ್ನು ಕೃಷಿಗೆ ಒಗ್ಗಿಸಲು ಆಗಿಲ್ಲ. ಆದರೆ ಅವರ ತಿಳಿವಳಿಕೆ ಅವರ ಕಾಡಿನದು, ಅವರ ಹುತ್ತದ್ದು. ಪುಸ್ತಕದ ಚಿತ್ರ ನೋಡಿ, ಅಥವಾ ಈ ಭಾಷಣ ಕೇಳಿ, ಪಟ್ಟಣದವರು ಅದನ್ನು ಎರವಲು ಪಡೆಯಲು ಬರುವುದಿಲ್ಲ.

ಅಂಗಡಿಯ ಪೊಟ್ಟಣದಲ್ಲಿ ಸಣ್ಣ ತೂತುಗಳಿರುವುದನ್ನು ಕಂಡು ಇಲಿ ಕಡಿದಿದೆಯೆಂದು ಅನುಮಾನ ಪಡಬೇಡಿ. ಕಿತ್ತ ಮೇಲೂ ಅಣಬೆ ಉಸಿರಾಡುತ್ತದೆ. ಗಾಳಿಯಾಡದಂತೆ ಬಿಗಿದರೆ ಒಳಗಿನ ಆಮ್ಲಜನಕ ಮುಗಿದು, ಗಾಳಿಯಿಲ್ಲದೆಡೆ ಬೆಳೆಯುವ ಒಂದು ಘೋರವಾದ ಸೂಕ್ಷ್ಮಜೀವಿ ವಿಷ ಮಾಡಬಹುದು. ಮನೆಗೆ ತಂದ ಮೇಲೆ ಕಾಗದದ ಚೀಲಕ್ಕೆ ಹಾಕಿ ಶೀತಕದಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿ. ಡಬ್ಬಿಯ ಅಣಬೆಯಾದರೆ, ಡಬ್ಬಿ ಉಬ್ಬಿದ್ದರೆ ರುಚಿ ನೋಡಲೂ ಹೋಗದೆ ಎಸೆಯಿರಿ. ಇದೇ ಸೂಕ್ಷ್ಮಜೀವಿಯ ಭಯ ಅಲ್ಲಿಯೂ ಉಂಟು.

ಮನೆಯಲ್ಲಿಯೇ ಬೆಳೆಸುವ ಆಸೆಯುಳ್ಳವರಿಗೆ ಎರಡು ಮಾತು. ಬೀಜವನ್ನು ನಂಬಿಕೆಯ ಕಡೆಯಿಂದ ತನ್ನಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವನ್ನೂ ಕೊಡುತ್ತಾರೆ, ತರಬೇತಿಯನ್ನೂ ನಡೆಸುತ್ತಾರೆ. ಇನ್ನೊಂದು, ನಿಮ್ಮ ಚೀಲದಲ್ಲಿ ಹುಟ್ಟಿದ್ದೆಲ್ಲ ನೀವು ಬಿತ್ತಿದ್ದಲ್ಲ. ಹೊಲದಲ್ಲಿ ಕಳೆ ಬರುವಂತೆ ಹುಲ್ಲಿನಲ್ಲಿಯೂ ಕಳೆ ಅಣಬೆ ಬರುತ್ತದೆ. ತೆಳ್ಳನೆಯ ಉದ್ದ ಕಾಂಡದ, ಮರುದಿನವೇ ಕರಗಿ ಶಾಯಿಯಂತೆ ಸುರಿಯುವ ಸಣ್ಣ ಕೊಡೆಗಳು ಕಂಡರೆ ಅವು ಕಳೆಯೇ. ಬೆಳೆ ಮುಗಿದ ಹುಲ್ಲನ್ನು ಹಿತ್ತಿಲಿಗೆ ಎಸೆದ ಮೇಲೆ ಆ ರಾಶಿಯಲ್ಲಿ ಏಳುವ ಅಣಬೆಯನ್ನು “ನಮ್ಮ ಬೀಜದ್ದೇ” ಎಂದು ಎಂದೂ ತಿನ್ನಬಾರದು. ಬೇಲಿ ದಾಟಿದ ಮೇಲೆ ಅದು ತಾನಾಗಿ ಎದ್ದ ಅಣಬೆ. ಚಿಪ್ಪಿನ ಅಣಬೆ ಬಲಿಯುವ ಮೊದಲೇ ಕೊಯ್ಯಿರಿ. ಅದರ ಬೀಜಕದ ದೂಳು ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಯಾವ ಅಣಬೆಯನ್ನೂ ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿ. ಮನೆಯಲ್ಲಿ ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಲಿ. ಒಳ್ಳೆಯ ಅಣಬೆಯೂ ಕೆಲವರ ಮೈಗೆ ಒಗ್ಗದು.

ಅಷ್ಟಾಗಿಯೂ ಎಲ್ಲಿಯಾದರೂ ತಪ್ಪಿ, ಗುರುತು ತಿಳಿಯದ ಅಣಬೆಯನ್ನು ಯಾರಾದರೂ ತಿಂದುಬಿಟ್ಟರೆ ಏನು ಮಾಡಬೇಕು? ಗಡಿಯಾರ ನೋಡಬೇಕು. ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಸಾಮಾನ್ಯವಾಗಿ ಹೊಟ್ಟೆಯನ್ನಷ್ಟೇ ಕೆರಳಿಸುವ ವಿಷ. ಆರು ಗಂಟೆ ಕಳೆದ ಮೇಲೆ, ಹನ್ನೆರಡು ಗಂಟೆ ಕಳೆದ ಮೇಲೆ ಆರಂಭವಾದರೆ ಅದು ಹೆಚ್ಚಿನ ಭಯದ್ದು. ಡೆತ್ ಕ್ಯಾಪಿನ ಜಾತಿಯ ವಿಷ ಹೀಗೆ ತಡವಾಗಿ ಬರುತ್ತದೆ. ಒಂದು ದಿನ ವಾಂತಿ ಭೇದಿಯಾಗಿ, ಮರುದಿನ ರೋಗಿ ಎದ್ದು ಕುಳಿತು ವಾಸಿಯಾಯಿತೆನ್ನುತ್ತಾನೆ. ಆ ಹೊತ್ತಿಗೆ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಮೂರನೆಯ ನಾಲ್ಕನೆಯ ದಿನ ಕಾಮಾಲೆ ಕಾಣಿಸಿಕೊಂಡಾಗ ಕಾಲ ಮಿಂಚಿರುತ್ತದೆ. ಹಾಗೆಂದು ಗಂಟೆ ಎಣಿಸುತ್ತ ಮನೆಯಲ್ಲಿ ಕೂಡಬಾರದು. ಎರಡು ಬಗೆ ಬೆರೆತಿದ್ದರೆ ಲೆಕ್ಕ ತಪ್ಪುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆಮಾಡಿ, ಇಲ್ಲವೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೇ ತಪ್ಪಲೆಯಿಂದ ಉಂಡವರೆಲ್ಲರೂ ಹೋಗಬೇಕು, ಚೆನ್ನಾಗಿದ್ದೇನೆ ಎನ್ನುವವರೂ ಹೋಗಬೇಕು. ಉಳಿದ ಅಣಬೆಯನ್ನು, ಸಿಪ್ಪೆ ಬುಡವನ್ನೂ ಬಿಡದೆ, ಕಾಗದದಲ್ಲಿ ಸುತ್ತಿ ವೈದ್ಯರ ಕೈಗೆ ಕೊಡಿ. ಎಷ್ಟು ಗಂಟೆಗೆ ಉಂಡದ್ದು ಎಂಬುದನ್ನು ಮೊದಲು ಹೇಳಿ.

ಇಷ್ಟು ಕೇಳಿ ಅಣಬೆಯ ಸಹವಾಸವೇ ಬೇಡ ಎಂದುಕೊಳ್ಳಬೇಡಿ. ಬೆಳೆಸಿದ ಅಣಬೆ ತರಕಾರಿಯಷ್ಟೇ ಸಾಧು. ನೂರರಲ್ಲಿ ತೊಂಬತ್ತು ಪಾಲು ನೀರಾದರೂ ತರಕಾರಿಗಳ ನಡುವೆ ಒಳ್ಳೆಯ ಪ್ರೋಟೀನು ಉಳ್ಳದ್ದು, ಕೊಬ್ಬು ತೀರ ಕಡಮೆಯಾದದ್ದು. ಈರುಳ್ಳಿ, ಮೆಣಸು, ಕರಿಬೇವು ಹಾಕಿ ಪಲ್ಯ ಮಾಡಿದರೆ ಚಪಾತಿಗೂ ಅಕ್ಕಿರೊಟ್ಟಿಗೂ ಸೊಗಸು. ಬೆಳೆಸಿದವರ ಗುರುತು ತಿಳಿದು ಕೊಳ್ಳಿ, ರೂಪ ನೋಡಿ ತಾಳೆಹಾಕಿ, ಬೇಯಿಸಿ ಉಣ್ಣಿ. ಮಳೆಗಾಲದಲ್ಲಿ ಮಕ್ಕಳು ಹುಲ್ಲಿನಿಂದ ಬಿಳಿಯ ಕೊಡೆಗಳನ್ನು ಕಿತ್ತು ತಂದರೆ ಗದರಬೇಡಿ; ಲೋಟದಡಿಯಲ್ಲಿಟ್ಟು ಬೆಳಗ್ಗೆ ಅದರ ಅಚ್ಚು ತೋರಿಸಿ, ಕೈ ತೊಳೆಸಿ, ಅಣಬೆಯನ್ನು ಕಸಕ್ಕೆ ಹಾಕಿ. ಅಣಬೆಯ ವಿಷಯದಲ್ಲಿ ಅನುಮಾನ ಬಂದದ್ದನ್ನು ಎಸೆದು ಬಡವಾದ ಮನೆ ಯಾವುದೂ ಇಲ್ಲ.